ಸೂರ್ಯ, ಉಪಗ್ರಹ, ಕೆರೆ: ಶಾಲಾ ವಿದ್ಯಾರ್ಥಿಗಳಿಗಾಗಿ ಬಾಹ್ಯಾಕಾಶ ವಿಜ್ಞಾನ ಮತ್ತು ವಾಯುಗುಣ ಬದಲಾವಣೆ



ಶಾಲೆಯ ಪಠ್ಯದಲ್ಲಿ ಸೌರವ್ಯೂಹದ ಪಾಠ ಒಂದು ಕಡೆ ಇರುತ್ತದೆ, ವಾಯುಮಾಲಿನ್ಯ ಮತ್ತು ಜಾಗತಿಕ ತಾಪಮಾನದ ಪಾಠ ಇನ್ನೊಂದು ಕಡೆ ಇರುತ್ತದೆ. ಮೊದಲನೆಯದು ಬೆರಗಿನ ವಿಷಯವಾಗಿಯೂ ಎರಡನೆಯದು ಎಚ್ಚರಿಕೆಯ ವಿಷಯವಾಗಿಯೂ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತವೆ. ಹೀಗೆ ಬೇರೆಯಾಗಿ ಕಲಿತವರಿಗೆ ಚಂದ್ರಯಾನಕ್ಕೂ ಊರಿನ ಕೆರೆಗೂ ಸಂಬಂಧವಿದೆಯೆಂದು ತೋರುವುದಿಲ್ಲ. ಆದರೆ ಭೂಮಿಯೂ ಒಂದು ಗ್ರಹ ಎಂಬ ಸರಳ ಸಂಗತಿಯನ್ನು ಹಿಡಿದು ಹೊರಟರೆ, ಸೂರ್ಯನಿಂದ ಬರುವ ಶಕ್ತಿ ಎಷ್ಟು, ಅದರಲ್ಲಿ ಭೂಮಿ ಉಳಿಸಿಕೊಳ್ಳುವುದು ಎಷ್ಟು, ಮರಳಿ ಆಕಾಶಕ್ಕೆ ಬಿಡುವುದು ಎಷ್ಟು ಎಂಬ ಒಂದೇ ಲೆಕ್ಕದಲ್ಲಿ ಎರಡು ಪಾಠಗಳೂ ಸೇರುತ್ತವೆ. ವಾಯುಗುಣ ಬದಲಾವಣೆಯನ್ನು ಗ್ರಹವಿಜ್ಞಾನದ ಒಂದು ಅಧ್ಯಾಯವಾಗಿ ಕಲಿಯಬೇಕು, ಮತ್ತು ಆ ಕಲಿಕೆ ಶಾಲೆಯ ಅಂಗಳದಲ್ಲಿ ಮಕ್ಕಳೇ ಮಾಡುವ ಅಳತೆಯಿಂದ ಆರಂಭವಾಗಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಉಪನ್ಯಾಸವು ನಾಲ್ಕು ಭಾಗಗಳಲ್ಲಿ ಸಾಗುತ್ತದೆ. ಮೊದಲನೆಯದರಲ್ಲಿ ಸೂರ್ಯನ ಚಲನೆ, ನೆರಳು ಮತ್ತು ರೈತರ ಮಳೆ ನಕ್ಷತ್ರಗಳ ವಿಚಾರವಿದೆ. ಎರಡನೆಯದರಲ್ಲಿ ಭೂಮಿಯ ಶಾಖದ ಲೆಕ್ಕವಿದೆ. ಮೂರನೆಯದರಲ್ಲಿ ಭಾರತದ ಉಪಗ್ರಹಗಳು ಭೂಮಿಯನ್ನು ನೋಡುವ ಬಗೆಯಿದೆ. ಕೊನೆಯದರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್‌ ಸೀಮೆಯ ಮಳೆ, ಕೆರೆ, ತೋಟಗಳಿಗೆ ಇವೆಲ್ಲದರ ಅನ್ವಯವೂ ಶಾಲೆಗಳು ಮಾಡಬಹುದಾದ ಕೆಲಸವೂ ಇದೆ. ಪಾರಿಭಾಷಿಕ ಪದಗಳು ಬಂದಲ್ಲಿ ಅವುಗಳ ಅರ್ಥವನ್ನು ಅಲ್ಲಲ್ಲಿಯೇ ಹೇಳಲಾಗುವುದು.

ಮೊದಲ ಭಾಗವನ್ನು ಈ ಊರುಗಳ ಸ್ಥಾನದಿಂದಲೇ ಆರಂಭಿಸಬಹುದು. ತುಮಕೂರು ಮತ್ತು ಗುಬ್ಬಿ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13.3 ಡಿಗ್ರಿ ಅಕ್ಷಾಂಶದಲ್ಲಿವೆ. ಕುಣಿಗಲ್ ತುಸು ದಕ್ಷಿಣಕ್ಕೆ, ಸುಮಾರು 13 ಡಿಗ್ರಿಯಲ್ಲಿದೆ. ಭೂಮಿಯ ಅಕ್ಷವು 23.5 ಡಿಗ್ರಿಯಷ್ಟು ವಾಲಿರುವುದರಿಂದ ಸೂರ್ಯನು ವರ್ಷದಲ್ಲಿ ಒಮ್ಮೆ ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೂ ಒಮ್ಮೆ ಮಕರ ಸಂಕ್ರಾಂತಿ ವೃತ್ತದವರೆಗೂ ಸರಿದಂತೆ ಕಾಣುತ್ತಾನೆ, ಮತ್ತು ಆ ಹೋಗುವ ಬರುವ ದಾರಿಯಲ್ಲಿ ಈ ಊರುಗಳ ನೆತ್ತಿಯ ಮೇಲೆ ಎರಡು ಸಲ ಹಾದುಹೋಗುತ್ತಾನೆ. ಏಪ್ರಿಲ್ 25ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 17ರ ಆಸುಪಾಸಿನಲ್ಲಿ ಮತ್ತೊಮ್ಮೆ, ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷದಿಂದ 25 ನಿಮಿಷದೊಳಗೆ, ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೂ ವರ್ಷದ ಉಳಿದ ಅವಧಿಯಲ್ಲಿ ಉತ್ತರಕ್ಕೂ ಬೀಳುತ್ತದೆ. ಭೂಮಿಯ ಓರೆಯನ್ನು ತೋರಿಸಲು ಇದಕ್ಕಿಂತ ಅಗ್ಗದ ಉಪಕರಣ ಬೇಕಾಗಿಲ್ಲ. ಭಾರತೀಯ ಖಗೋಳಶಾಸ್ತ್ರದಲ್ಲಿ ಈ ಕೋಲಿಗೆ ಶಂಕು ಎಂಬ ಹೆಸರು ಬಹಳ ಹಿಂದಿನಿಂದಲೂ ಇದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಅಗತ್ಯ. ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ, ದೂರವಾದಾಗ ಚಳಿಗಾಲ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ; ಆಗ ತುಮಕೂರಿನಲ್ಲಿ ಬೆಳಗಿನ ಚಳಿ ಇರುತ್ತದೆ. ಅತ್ಯಂತ ದೂರದಲ್ಲಿರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್ ದೂರದಲ್ಲಿ. ಈ ಸೀಮೆಯ ಕಡುಬೇಸಿಗೆ ಬರುವುದು ಸೂರ್ಯನು ನೆತ್ತಿಗೆ ಬರುವ, ಮೋಡಗಳು ಇನ್ನೂ ಕವಿಯದಿರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಕಿರಣಗಳು ಬೀಳುವ ಕೋನ, ಹಗಲಿನ ಉದ್ದ, ಮೋಡದ ಮುಸುಕು ಇವು ಸೇರಿ ಋತುವನ್ನು ನಿರ್ಧರಿಸುತ್ತವೆ.

ಸೂರ್ಯನ ಇದೇ ವಾರ್ಷಿಕ ಪಯಣವನ್ನು ಕನ್ನಡ ನಾಡಿನ ರೈತರು ಇನ್ನೊಂದು ರೀತಿಯಲ್ಲಿ ಲೆಕ್ಕವಿಟ್ಟಿದ್ದಾರೆ. ಆಕಾಶದಲ್ಲಿ ಸೂರ್ಯನು ಸಾಗುವ ದಾರಿಯನ್ನು 27 ಸಮಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದು ನಕ್ಷತ್ರದ ಹೆಸರಿಟ್ಟು, ಸೂರ್ಯನು ಆ ಭಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಮಳೆಯನ್ನು ಅದೇ ಹೆಸರಿನಿಂದ ಕರೆಯುವುದು ವಾಡಿಕೆ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳಿಂದ ಮೊದಲ್ಗೊಂಡು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳವರೆಗೆ ಹರಡಿಕೊಂಡಿರುವ ಈ ಪಟ್ಟಿ ವಾಸ್ತವದಲ್ಲಿ ಖಗೋಳದ ದಿನದರ್ಶಿಕೆ. ತುಮಕೂರು ಜಿಲ್ಲೆಯಲ್ಲಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಗಳ ಸುಮಾರಿನಲ್ಲಿ. ಇಲ್ಲಿನ ರಾಗಿ ಬೇಸಾಯದ ಹದವೂ ಕೆರೆಗಳಿಗೆ ನೀರು ಬರುವ ನಿರೀಕ್ಷೆಯೂ ಆ ಕಾಲಕ್ಕೆ ಹೊಂದಿಕೊಂಡಿವೆ.

ಈ ದಿನದರ್ಶಿಕೆಯಲ್ಲಿ ಅಡಗಿರುವ ಒಂದು ಸೂಕ್ಷ್ಮವನ್ನು ಪ್ರೌಢಶಾಲೆಯ ಮಕ್ಕಳು ಗ್ರಹಿಸಬಲ್ಲರು. ಭೂಮಿಯ ಅಕ್ಷವು ಒಂದೇ ದಿಕ್ಕಿಗೆ ಸ್ಥಿರವಾಗಿ ನಿಂತಿಲ್ಲ. ಅದು ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಬರುವಂತೆ ನಿಧಾನವಾಗಿ ತೊನೆಯುತ್ತದೆ. ಇದನ್ನು ಅಯನ ಚಲನೆ ಎನ್ನುತ್ತಾರೆ. ಇದರಿಂದಾಗಿ ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದಾಗಿದ್ದು, ಎರಡರ ನಡುವೆ ಸುಮಾರು 72 ವರ್ಷಗಳಿಗೆ ಒಂದು ದಿನದ ಅಂತರ ಬೀಳುತ್ತದೆ. ಕ್ರಿಸ್ತಶಕ ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಉತ್ತರಾಯಣದ ಆರಂಭದೊಂದಿಗೆ ಕೂಡಿಬರುತ್ತಿದ್ದ ಮಕರ ಸಂಕ್ರಾಂತಿ ಈಗ ಡಿಸೆಂಬರ್ 21 ಅಥವಾ 22ರಿಂದ ಸರಿದು ಜನವರಿ 14 ಅಥವಾ 15ಕ್ಕೆ ಬಂದಿರುವುದು ಈ ಅಂತರದಿಂದಲೇ. ಮಳೆ ನಕ್ಷತ್ರಗಳೂ ಹೀಗೆಯೇ ಋತುವಿನಿಂದ ಮೆಲ್ಲನೆ ಸರಿಯುತ್ತಿವೆ. ನಕ್ಷತ್ರಗಳು ತಪ್ಪಿದವು, ಆದ್ದರಿಂದ ಮಳೆ ತಪ್ಪಿತು ಎಂದು ಹೇಳುವವರು ಈ ಲೆಕ್ಕವನ್ನು ಗಮನಿಸಬೇಕು: ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಈ ಸರಿಯುವಿಕೆ ಒಂದು ದಿನದಷ್ಟು ಮಾತ್ರ. ಮಳೆಯ ರೀತಿಯಲ್ಲಿ ಮೂವತ್ತು ನಲವತ್ತು ವರ್ಷಗಳೊಳಗೆ ಬದಲಾವಣೆ ಕಂಡಿದ್ದರೆ ಅದರ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಆ ಹುಡುಕಾಟವೇ ಎರಡನೆಯ ಭಾಗದ ವಿಷಯ. ಭೂಮಿಯ ವಾಯುಮಂಡಲದ ಮೇಲಂಚಿನಲ್ಲಿ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,361 ವ್ಯಾಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಭೂಮಿ ಗೋಳಾಕಾರವಾಗಿರುವುದರಿಂದಲೂ ಅದರ ಅರ್ಧಭಾಗ ಸದಾ ಕತ್ತಲಲ್ಲಿರುವುದರಿಂದಲೂ ಇಡೀ ಮೇಲ್ಮೈಗೆ ಹಂಚಿದಾಗ ಸರಾಸರಿ ಇದರ ಕಾಲುಭಾಗ, ಅಂದರೆ ಚದರ ಮೀಟರಿಗೆ ಸುಮಾರು 340 ವ್ಯಾಟ್ ಆಗುತ್ತದೆ. ಮೋಡ, ಹಿಮ, ಮರಳುಗಾಡುಗಳು ಇದರಲ್ಲಿ ಶೇಕಡ 30ರಷ್ಟನ್ನು ಹಾಗೆಯೇ ಹಿಂದಕ್ಕೆ ಪ್ರತಿಫಲಿಸುತ್ತವೆ. ಉಳಿದ 240 ವ್ಯಾಟ್‌ನಷ್ಟು ಶಕ್ತಿ ಭೂಮಿಯನ್ನು ಕಾಯಿಸುತ್ತದೆ. ಕಾದ ಭೂಮಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಬಿಡುತ್ತದೆ. ವಾಯುಮಂಡಲವು ಈ ಕಿರಣಗಳನ್ನು ತಡೆಯದೆ ಬಿಟ್ಟುಕೊಟ್ಟಿದ್ದರೆ ಭೂಮಿಯ ಸರಾಸರಿ ತಾಪಮಾನ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತೆಂದು ಲೆಕ್ಕ ತೋರಿಸುತ್ತದೆ. ನಿಜವಾದ ಸರಾಸರಿ ಸುಮಾರು 15 ಡಿಗ್ರಿ ಸೆಲ್ಸಿಯಸ್. ನಡುವಿನ 33 ಡಿಗ್ರಿ ವ್ಯತ್ಯಾಸಕ್ಕೆ ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಮೊದಲಾದ ಅನಿಲಗಳು ಕಾರಣ. ಬಿಸಿಲನ್ನು ಒಳಗೆ ಬಿಟ್ಟು ಅವಕೆಂಪು ಕಿರಣಗಳನ್ನು ಹೀರಿ ಹಿಡಿಯುವ ಈ ಅನಿಲಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರು.

ಕೆರೆಗಳ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಕೋಡಿಯ ಮೂಲಕ ವಿವರಿಸುವುದು ಸುಲಭ. ತುಂಬಿದ ಕೆರೆಗೆ ಎಷ್ಟು ನೀರು ಬರುತ್ತದೆಯೋ ಅಷ್ಟೇ ನೀರು ಕೋಡಿಯಲ್ಲಿ ಹರಿದುಹೋಗುವವರೆಗೆ ನೀರಿನ ಮಟ್ಟ ಸ್ಥಿರವಾಗಿರುತ್ತದೆ. ಬರುವ ನೀರು ಅಷ್ಟೇ ಇದ್ದು ಕೋಡಿಯ ಮೇಲೆ ಒಂದು ಸಾಲು ಕಲ್ಲು ಕಟ್ಟಿದರೆ, ನೀರು ಆ ಕಲ್ಲಿನ ಎತ್ತರಕ್ಕೆ ಏರಿ ಮತ್ತೆ ಹೊರಹರಿಯುವವರೆಗೆ ಕೆರೆಯ ಮಟ್ಟ ಹೆಚ್ಚುತ್ತಲೇ ಇರುತ್ತದೆ. ಸೂರ್ಯನಿಂದ ಬರುವ ಶಕ್ತಿ ಬದಲಾಗದೆ ಹಸಿರುಮನೆ ಅನಿಲಗಳು ಹೆಚ್ಚಾದಾಗ ಭೂಮಿಯ ತಾಪಮಾನವೂ ಇದೇ ಕ್ರಮದಲ್ಲಿ ಏರುತ್ತದೆ.

ಈ ಲೆಕ್ಕ ಸರಿಯೆಂಬುದಕ್ಕೆ ನೆರೆಯ ಆಕಾಶಕಾಯಗಳೇ ಸಾಕ್ಷಿ. ಚಂದ್ರನು ಸೂರ್ಯನಿಂದ ಹೆಚ್ಚುಕಡಿಮೆ ಭೂಮಿಯಷ್ಟೇ ದೂರದಲ್ಲಿದ್ದಾನೆ, ಆದರೆ ಅಲ್ಲಿ ವಾಯುಮಂಡಲವಿಲ್ಲ. ಅಲ್ಲಿನ ಸಮಭಾಜಕ ಪ್ರದೇಶದಲ್ಲಿ ನಡುಹಗಲು ತಾಪಮಾನ ಸುಮಾರು 120 ಡಿಗ್ರಿಗೆ ಏರಿ, ರಾತ್ರಿ ಸೊನ್ನೆಗಿಂತ 130 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪದ ಪ್ರದೇಶದಲ್ಲಿ ಇಳಿದ ಚಂದ್ರಯಾನ-3ರ ವಿಕ್ರಮ್ ನೌಕೆಯು ಮಣ್ಣಿನೊಳಗೆ ತಾಪಮಾಪಕವನ್ನು ಇಳಿಸಿ ನೋಡಿದಾಗ, ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ ಇದ್ದ ತಾಪಮಾನ 8 ಸೆಂಟಿಮೀಟರ್ ಆಳದಲ್ಲಿಯೇ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿದ್ದುದು ಕಂಡುಬಂತು. ಶುಕ್ರಗ್ರಹದ ಕಥೆ ಇನ್ನೂ ಬೋಧಪ್ರದ. ಅದು ಸೂರ್ಯನಿಗೆ ಭೂಮಿಗಿಂತ ಹತ್ತಿರವಿದ್ದರೂ ಅದನ್ನು ಕವಿದಿರುವ ಬಿಳಿಯ ಮೋಡಗಳು ಬೆಳಕಿನ ಮುಕ್ಕಾಲು ಪಾಲನ್ನು ಪ್ರತಿಫಲಿಸಿಬಿಡುವುದರಿಂದ, ಶುಕ್ರವು ಹೀರಿಕೊಳ್ಳುವ ಸೌರಶಕ್ತಿ ಚದರ ಮೀಟರಿನ ಲೆಕ್ಕದಲ್ಲಿ ಭೂಮಿಗಿಂತ ಕಡಿಮೆ. ಆದರೂ ಅದರ ಮೇಲ್ಮೈ ಸುಮಾರು 460 ಡಿಗ್ರಿಯಷ್ಟು ಕಾದಿದೆ, ಏಕೆಂದರೆ ಅಲ್ಲಿನ ದಟ್ಟ ವಾಯುಮಂಡಲದ ಶೇಕಡ 96ರಷ್ಟು ಭಾಗ ಕಾರ್ಬನ್ ಡೈಆಕ್ಸೈಡ್. ಮಂಗಳದಲ್ಲಿಯೂ ಅದೇ ಅನಿಲ ಪ್ರಧಾನವಾಗಿದ್ದರೂ ಅಲ್ಲಿನ ವಾಯುಮಂಡಲದ ಒತ್ತಡ ಭೂಮಿಯದರ ಶೇಕಡ ಒಂದಕ್ಕಿಂತ ಕಡಿಮೆ ಇರುವುದರಿಂದ ಆ ಗ್ರಹ ಹೆಪ್ಪುಗಟ್ಟುವಷ್ಟು ತಂಪಾಗಿದೆ. ಗ್ರಹದ ಶಾಖವನ್ನು ನಿರ್ಧರಿಸುವಲ್ಲಿ ಸೂರ್ಯನಿಂದ ಇರುವ ದೂರದಷ್ಟೇ ಅದರ ಗಾಳಿಯ ಪಾತ್ರವೂ ದೊಡ್ಡದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಹಿಡಿಯುತ್ತದೆಂಬ ತಿಳಿವಳಿಕೆ ಹೊಸದೂ ಅಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟು ಈ ಗುಣವನ್ನು ಗಮನಿಸಿದರು. 1859ರಿಂದ ಜಾನ್ ಟಿಂಡಲ್ ಅದನ್ನು ನಿಖರವಾಗಿ ಅಳೆದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಈ ಅನಿಲ ಹೆಚ್ಚಾದರೆ ಭೂಮಿ ಎಷ್ಟು ಕಾಯಬಹುದೆಂದು ಲೆಕ್ಕ ಹಾಕಿದರು. ಕಳೆದ ಎಂಟು ಲಕ್ಷ ವರ್ಷಗಳಲ್ಲಿ, ಅಂಟಾರ್ಕ್ಟಿಕದ ಹಿಮದಲ್ಲಿ ಸೆರೆಯಾದ ಗಾಳಿಗುಳ್ಳೆಗಳ ಪ್ರಕಾರ, ವಾಯುಮಂಡಲದ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡಿನ ಪ್ರಮಾಣ ಹೆಚ್ಚುಕಡಿಮೆ 180ರಿಂದ 300ರ ನಡುವೆ ಓಲಾಡಿತ್ತು. ಕೈಗಾರಿಕೆಗಳು ಆರಂಭವಾಗುವ ಮೊದಲು ಸುಮಾರು 280 ಇದ್ದದ್ದು ಈಗ 420ನ್ನು ಮೀರಿದೆ. ಹೀಗೆ ಸೇರಿದ ಇಂಗಾಲ ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಉರಿಸಿದ್ದರಿಂದ ಬಂದದ್ದೆಂಬುದನ್ನು ಇಂಗಾಲದ ಸಮಸ್ಥಾನಿಗಳು ತೋರಿಸಿಕೊಡುತ್ತವೆ. ಒಂದೇ ಮೂಲವಸ್ತುವಿನ, ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳೇ ಸಮಸ್ಥಾನಿಗಳು. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ, ಮತ್ತು ಅಂಥ ಹಳೆಯ ಇಂಗಾಲ ಗಾಳಿಗೆ ಸೇರುತ್ತಿರುವ ಗುರುತು ಅಳತೆಗಳಲ್ಲಿ ಕಾಣುತ್ತದೆ.

ಈ ಭಾಗವನ್ನು ಮುಗಿಸುವ ಮೊದಲು ಎರಡು ಸಂದೇಹಗಳನ್ನು ಪರಿಹರಿಸಬೇಕು. ಸೂರ್ಯನೇ ಹೆಚ್ಚು ಪ್ರಖರನಾಗಿರಬಹುದಲ್ಲವೇ ಎಂಬುದು ಮೊದಲನೆಯದು. 1978ರಿಂದ ಉಪಗ್ರಹಗಳು ಸೂರ್ಯನ ಒಟ್ಟು ಶಕ್ತಿಯನ್ನು ಅಳೆಯುತ್ತ ಬಂದಿವೆ. ಸುಮಾರು 11 ವರ್ಷಗಳ ಸೌರಕಲೆಗಳ ಆವರ್ತದಲ್ಲಿ ಅದು ಶೇಕಡ 0.1ರಷ್ಟು ಏರಿಳಿಯುತ್ತದೆಯೇ ಹೊರತು ಈ ಅವಧಿಯಲ್ಲಿ ಭೂಮಿಯ ಬಿಸಿಯೊಂದಿಗೆ ಏರುತ್ತ ಹೋಗಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲ್ಪದರವೂ ಕಾಯಬೇಕಿತ್ತು. ಆದರೆ ನೆಲದ ಸಮೀಪದ ಗಾಳಿ ಬಿಸಿಯಾಗುತ್ತಿರುವಾಗ ಮೇಲಿನ ಸಮೋಷ್ಣ ಮಂಡಲ ತಂಪಾಗುತ್ತಿದೆ, ಮತ್ತು ಇದು ಹಸಿರುಮನೆ ಅನಿಲಗಳು ಹೆಚ್ಚಾದಾಗ ಕಾಣಬೇಕಾದ ಲಕ್ಷಣ. ಓಜೋನ್ ಪದರದ ರಂಧ್ರದಿಂದ ಬಿಸಿ ಒಳನುಗ್ಗುತ್ತಿದೆ ಎಂಬುದು ಎರಡನೆಯ ಭ್ರಮೆ. ಓಜೋನ್ ತಡೆಯುವುದು ನೇರಳಾತೀತ ಕಿರಣಗಳನ್ನು; ಅದರ ಸವಕಳಿಗೆ ಮುಖ್ಯ ಕಾರಣವಾದ ಕ್ಲೋರೋಫ್ಲೋರೋಕಾರ್ಬನ್‌ಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತು ನಿಯಂತ್ರಿಸಿದ್ದು, ಆ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ರಾಷ್ಟ್ರಗಳು ಒಂದಾದರೆ ವಾಯುಮಂಡಲದ ಸಮಸ್ಯೆಯೊಂದನ್ನು ಪರಿಹರಿಸಬಹುದೆಂಬ ಭರವಸೆಯ ಉದಾಹರಣೆಯಾಗಿ ಅದನ್ನು ಬೇರೆಯಾಗಿಯೇ ಕಲಿಸಬೇಕು.

ಇನ್ನು ಮೂರನೆಯ ಭಾಗಕ್ಕೆ ಬರಬಹುದು. ಮೇಲೆ ಹೇಳಿದ ಲೆಕ್ಕದ ಬಹುಪಾಲು ಅಂಕಿಗಳು ಖಚಿತವಾದದ್ದು ಮನುಷ್ಯ ಭೂಮಿಯನ್ನು ಹೊರಗಿನಿಂದ ನೋಡಲು ಕಲಿತ ಮೇಲೆ. ಈ ಕಲಿಕೆಯಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿ ಜಿಲ್ಲೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಿಸಲಾಯಿತು. ಸುಮಾರು 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಅದೇ ಪೀಣ್ಯವನ್ನು ಹಾದುಹೋಗುತ್ತದೆ. 1979ರ ಜೂನ್ 7ರಂದು ಉಡಾವಣೆಯಾದ ಭಾಸ್ಕರ-1 ಭೂಮಿಯನ್ನು ವೀಕ್ಷಿಸಲೆಂದೇ ರೂಪಿಸಿದ ಪ್ರಾಯೋಗಿಕ ಉಪಗ್ರಹವಾಗಿತ್ತು. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಮೇಲೇರಿದಾಗ ದೂರಸಂವೇದಿ ಉಪಗ್ರಹಗಳ ನಿಯತ ಸೇವೆ ಆರಂಭವಾಯಿತು. ದೂರಸಂವೇದಿ ಎಂದರೆ ವಸ್ತುವನ್ನು ಮುಟ್ಟದೆ, ಅದರಿಂದ ಬರುವ ಕಿರಣಗಳ ಮೂಲಕ ಅದರ ಗುಣವನ್ನು ತಿಳಿಯುವ ವಿಧಾನ.

ಭೂಮಿಯನ್ನು ನೋಡುವ ಉಪಗ್ರಹಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಇನ್ಸಾಟ್ ಸರಣಿಯ ಹವಾಮಾನ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿವೆ. ಅಲ್ಲಿ ಒಂದು ಸುತ್ತಿಗೆ ತಗಲುವ ಸಮಯ ಭೂಮಿಯ ಒಂದು ಆವರ್ತನೆಗೆ ಸಮನಾಗಿರುವುದರಿಂದ ಉಪಗ್ರಹವು ಒಂದೇ ಪ್ರದೇಶದ ಮೇಲೆ ನಿಂತಂತೆ ಇರುತ್ತದೆ ಮತ್ತು ಮೋಡಗಳ ಚಲನೆಯನ್ನು ಹಗಲಿರುಳು ಚಿತ್ರಿಸುತ್ತದೆ. ಇವುಗಳನ್ನು ನಿಯಂತ್ರಿಸುವ ಪ್ರಧಾನ ಕೇಂದ್ರ ಹಾಸನದಲ್ಲಿದೆ; ಈ ಸರಣಿಯ ಇನ್ಸಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಉಡಾವಣೆಯಾಯಿತು. ಎರಡನೆಯ ಬಗೆಯವು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ಒಂದು ಸುತ್ತನ್ನು ಸುಮಾರು ನೂರು ನಿಮಿಷಗಳಲ್ಲಿ ಮುಗಿಸಿ, ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ಚಿತ್ರಿಸುತ್ತವೆ. ಇವೆರಡಕ್ಕಿಂತ ಭಿನ್ನವಾದ ಕಕ್ಷೆಯಲ್ಲಿ, ಭಾರತ ಮತ್ತು ಫ್ರಾನ್ಸ್ ಜೊತೆಯಾಗಿ 2011ರ ಅಕ್ಟೋಬರ್ 12ರಂದು ಕಳುಹಿಸಿದ ಮೇಘಾ-ಟ್ರೋಪಿಕ್ಸ್ ಉಷ್ಣವಲಯದ ನೀರಾವಿ, ಮೋಡ ಮತ್ತು ಶಾಖದ ಜಮಾಖರ್ಚನ್ನೇ ಅಧ್ಯಯನ ಮಾಡಿತು.

ಉಪಗ್ರಹವು ಒಂದು ಕೆರೆಯನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ತಿಳಿದರೆ ಈ ವಿಧಾನದ ಶಕ್ತಿಯೂ ಮಿತಿಯೂ ಅರ್ಥವಾಗುತ್ತವೆ. ಕೆಂಪು ಬಣ್ಣದ ಆಚೆಗಿರುವ ಸಮೀಪದ ಅವಕೆಂಪು ಕಿರಣಗಳನ್ನು ನೀರು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ, ಹಸಿರೆಲೆಗಳು ಬಲವಾಗಿ ಪ್ರತಿಫಲಿಸುತ್ತವೆ. ಆದ್ದರಿಂದ ಆ ಕಿರಣಗಳಲ್ಲಿ ತೆಗೆದ ಚಿತ್ರದಲ್ಲಿ ಕುಣಿಗಲ್ ದೊಡ್ಡಕೆರೆಯ ನೀರು ಕಪ್ಪಾಗಿಯೂ ಸುತ್ತಲಿನ ತೆಂಗಿನ ತೋಟಗಳು ಪ್ರಕಾಶಮಾನವಾಗಿಯೂ ಕಾಣುತ್ತವೆ. ವರ್ಷದಿಂದ ವರ್ಷಕ್ಕೆ ಆ ಕಪ್ಪು ಭಾಗ ಹಿಗ್ಗಿದ್ದೆಷ್ಟು ಕುಗ್ಗಿದ್ದೆಷ್ಟು ಎಂದು ಅಳೆಯುವುದರಿಂದ ಕೆರೆಯ ಚರಿತ್ರೆ ಸಿದ್ಧವಾಗುತ್ತದೆ. ಆದರೆ ಕೆರೆಯ ತುಂಬ ಅಂತರಗಂಗೆ ಹಬ್ಬಿದ್ದರೆ ಉಪಗ್ರಹದ ಕಣ್ಣಿಗೆ ಅದು ನೀರಾಗಿ ಕಾಣದೆ ಹಸಿರು ಹೊಲದಂತೆ ಕಾಣಬಹುದು. ಅಂಥ ಕಡೆ ನೆಲದ ಮೇಲೆ ನಿಂತು ನೋಡಿದವರ ಮಾತೇ ಪ್ರಮಾಣ. ವಿಜ್ಞಾನಿಗಳು ಇದನ್ನು ನೆಲದ ಪರಿಶೀಲನೆ ಎನ್ನುತ್ತಾರೆ. ಮಳೆಗಾಲದ ಮೋಡ ಇನ್ನೊಂದು ತೊಡಕು. ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಕಳುಹಿಸಿದ ನಿಸಾರ್ ಉಪಗ್ರಹ ರೇಡಾರ್ ಅಲೆಗಳನ್ನು ಬಳಸುವುದರಿಂದ ಮೋಡ ಮತ್ತು ಕತ್ತಲೆ ಅದಕ್ಕೆ ಅಡ್ಡಿಯಾಗುವುದಿಲ್ಲ. ಹನ್ನೆರಡು ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಮರಳಿ ಬಂದು ನೆಲದ ಏರಿಳಿತ, ಮಣ್ಣಿನ ತೇವ, ಕಾಡಿನ ಬದಲಾವಣೆಗಳನ್ನು ಗುರುತಿಸುವುದು ಅದರ ಉದ್ದೇಶ.

ಸೂರ್ಯನ ಕಡೆಗೇ ಮುಖಮಾಡಿರುವ ಆದಿತ್ಯ-ಎಲ್1 ನೌಕೆಯನ್ನೂ ಇಲ್ಲಿ ನೆನೆಯಬೇಕು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಲಗ್ರಾಂಜ್ ಬಿಂದುವಿನ ಸುತ್ತ ಚಲಿಸುತ್ತಿದೆ. ಸೂರ್ಯ ಮತ್ತು ಭೂಮಿಯ ಸೆಳೆತಗಳ ಹೊಂದಾಣಿಕೆಯಿಂದ ನೌಕೆಯು ಭೂಮಿಯೊಂದಿಗೇ ಸೂರ್ಯನನ್ನು ಸುತ್ತಬಲ್ಲ ಈ ತಾಣದಿಂದ ಸೂರ್ಯನನ್ನು ಗ್ರಹಣದ ಅಡ್ಡಿಯಿಲ್ಲದೆ ನೋಡಬಹುದು. ಅದರ ಮುಖ್ಯ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿದೆ. ತುಮಕೂರಿಗೂ ಈ ಕ್ಷೇತ್ರ ದೂರದ್ದಾಗಿ ಉಳಿದಿಲ್ಲ: ನಗರದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಜಾಗ ಇಸ್ರೊ ಪಾಲಿಗೆ ಬಂದಿದೆ.

ನಾಲ್ಕನೆಯ ಮತ್ತು ಕೊನೆಯ ಭಾಗ ಈ ನೆಲದ ಮೇಲೆ ಇವೆಲ್ಲದರ ಪರಿಣಾಮಕ್ಕೆ ಸಂಬಂಧಿಸಿದ್ದು. ಒಂದು ದಿನದ ಅಥವಾ ಒಂದು ವಾರದ ಬಿಸಿಲು, ಮಳೆ, ಗಾಳಿಗಳ ಸ್ಥಿತಿಯನ್ನು ಹವೆ ಎನ್ನಬಹುದು. ಕನಿಷ್ಠ ಮೂವತ್ತು ವರ್ಷಗಳ ಹವೆಯ ಸರಾಸರಿ ಮತ್ತು ಏರಿಳಿತವನ್ನು ವಾಯುಗುಣ ಎನ್ನುತ್ತಾರೆ. ಆದ್ದರಿಂದ ಒಂದು ವರ್ಷದ ಬರವನ್ನಾಗಲಿ ಒಂದು ರಾತ್ರಿಯ ಪ್ರವಾಹವನ್ನಾಗಲಿ ತೋರಿಸಿ ವಾಯುಗುಣ ಬದಲಾಗಿದೆ ಎಂದು ತೀರ್ಮಾನಿಸುವುದು ವಿಜ್ಞಾನದ ಕ್ರಮವಲ್ಲ. ದೀರ್ಘಕಾಲದ ದಾಖಲೆಗಳು ಹೇಳುವುದನ್ನು ಕೇಳಬೇಕು. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಗಾಳಿಯ ತಾಪಮಾನ ಒಂದು ಡಿಗ್ರಿ ಹೆಚ್ಚಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಬಿಸಿಯಾದ ಗಾಳಿ ಮಳೆಯಿಲ್ಲದಾಗ ಮಣ್ಣಿನಿಂದಲೂ ಕೆರೆಯಿಂದಲೂ ಹೆಚ್ಚು ನೀರನ್ನು ಹೀರುತ್ತದೆ, ಮಳೆ ಬಂದಾಗ ಹೆಚ್ಚು ನೀರನ್ನು ಒಮ್ಮೆಗೇ ಸುರಿಯುತ್ತದೆ. ಬರವೂ ಬಿರುಮಳೆಯೂ ಒಂದೇ ಕಾರಣದಿಂದ ತೀವ್ರವಾಗಬಲ್ಲವೆಂಬ, ಮೇಲ್ನೋಟಕ್ಕೆ ವಿರೋಧವೆನಿಸುವ ಮಾತಿನ ಅರ್ಥ ಇದೇ.

ತುಮಕೂರು ಜಿಲ್ಲೆ ಈ ಎರಡು ತುದಿಗಳನ್ನೂ ಅಕ್ಕಪಕ್ಕದ ವರ್ಷಗಳಲ್ಲಿ ಕಂಡಿದೆ. 2022ರಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು. ಎಲ್ ನಿನೋ ಕಾಣಿಸಿಕೊಂಡ, ಅಂದರೆ ಪೆಸಿಫಿಕ್ ಸಾಗರದ ಸಮಭಾಜಕ ಭಾಗ ವಾಡಿಕೆಗಿಂತ ಬಿಸಿಯಾದ 2023ರಲ್ಲಿ ಮುಂಗಾರು ಸೊರಗಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಈ ಎರಡು ವರ್ಷಗಳಷ್ಟರಿಂದ ಏನನ್ನೂ ಸಾಧಿಸಲಾಗದು. ಆದರೆ ಇಂಥ ಏರಿಳಿತಕ್ಕೆ ಈ ಸೀಮೆ ಎಷ್ಟು ಸಿದ್ಧವಾಗಿದೆ ಎಂಬ ಪ್ರಶ್ನೆಯನ್ನು ಅವು ಮುಂದಿಡುತ್ತವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟಗಳ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮುಂದೆ ಕಾವೇರಿಗೆ ಸೇರುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳನ್ನು ಒಂದೇ ದಾರದಲ್ಲಿ ಪೋಣಿಸುವ ಈ ಸಣ್ಣ ನದಿಯ ಜಲಾನಯನ ಪ್ರದೇಶದಲ್ಲಿ ಬೀಳುವ ಮಳೆಯೇ ಹಿಂದೆ ಈ ಕೆರೆಗಳ ಆಧಾರವಾಗಿತ್ತು. ಈಗ ತುಮಕೂರು ನಗರದ ಕುಡಿಯುವ ನೀರಿಗಾಗಿ ಬುಗುಡನಹಳ್ಳಿ ಕೆರೆಗೂ ಜಿಲ್ಲೆಯ ಇತರ ಅನೇಕ ಕೆರೆಗಳಿಗೂ ಹೇಮಾವತಿಯ ನಾಲೆಯಿಂದ ನೀರು ಬರುತ್ತದೆ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ. ಆದ್ದರಿಂದ ಇಲ್ಲಿನ ನಲ್ಲಿಯ ನೀರು ಪಶ್ಚಿಮಘಟ್ಟದ ಮುಂಗಾರನ್ನು ಅವಲಂಬಿಸಿದೆ, ಇಲ್ಲಿನ ರಾಗಿ ಹೊಲ ಬಯಲುಸೀಮೆಯ ಹಿಂಗಾರಿನ ಹೊತ್ತಿನ ಮಳೆಯನ್ನು ಅವಲಂಬಿಸಿದೆ. ಎರಡು ಬೇರೆ ಬೇರೆ ಮಳೆಗಳ ಭವಿಷ್ಯಕ್ಕೆ ಈ ಸೀಮೆ ಕಟ್ಟುಬಿದ್ದಿದೆ.

ತೆಂಗು ಇನ್ನೊಂದು ರೀತಿಯಲ್ಲಿ ಭವಿಷ್ಯವನ್ನು ನೆನಪಿಸುತ್ತದೆ. ರಾಗಿ ಬೆಳೆಯುವವರು ಮುಂದಿನ ವರ್ಷ ತಳಿಯನ್ನಾಗಲಿ ಬಿತ್ತನೆಯ ಸಮಯವನ್ನಾಗಲಿ ಬದಲಾಯಿಸಿಕೊಳ್ಳಬಹುದು. ಆದರೆ ಇಂದು ನೆಟ್ಟ ತೆಂಗಿನ ಸಸಿ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಅದೇ ಗುಂಡಿಯಲ್ಲಿ ನಿಲ್ಲಬೇಕಾಗಿದ್ದು, ಈ ಶತಮಾನದ ಉತ್ತರಾರ್ಧದ ಬಿಸಿಲನ್ನೂ ಅಂದಿನ ಅಂತರ್ಜಲದ ಮಟ್ಟವನ್ನೂ ಎದುರಿಸುತ್ತದೆ. ಗುಬ್ಬಿ ಸೀಮೆಯ ತೆಂಗು ಮತ್ತು ಅಡಿಕೆ ತೋಟಗಳನ್ನು ಬೆಳೆಸುವವರಿಗೆ ವಾಯುಗುಣದ ಮುನ್ಸೂಚನೆ ಇಂದೇ ಬೇಕಾದ ಮಾಹಿತಿ.

ಪರಿಹಾರದ ದಾರಿಯನ್ನೂ ಇದೇ ಜಿಲ್ಲೆ ತೋರಿಸಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಎಂಬುದೇ ಹಣೆಬರಹವಾಗಿದ್ದ ಪಾವಗಡ ತಾಲ್ಲೂಕಿನ ತಿರುಮಣಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ನಿರ್ಮಾಣವಾಗಿದೆ. ಈ ಸಾಮರ್ಥ್ಯ 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರದ್ದಕ್ಕಿಂತ ಹೆಚ್ಚಿದ್ದರೂ ಫಲಕಗಳು ರಾತ್ರಿ ವಿದ್ಯುತ್ ನೀಡುವುದಿಲ್ಲ, ಮೋಡವಿದ್ದಾಗ ಕಡಿಮೆ ನೀಡುತ್ತವೆ. ಸ್ಥಾಪಿತ ಸಾಮರ್ಥ್ಯವೇ ಬೇರೆ, ವರ್ಷದಲ್ಲಿ ದೊರೆಯುವ ಒಟ್ಟು ವಿದ್ಯುತ್ತೇ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ಹಗಲಿನ ಸೌರಶಕ್ತಿಯನ್ನು ಸಂಗ್ರಹಿಸಿಡುವ ವಿಧಾನಗಳು ಬೆಳೆದಷ್ಟೂ ಕಲ್ಲಿದ್ದಲಿನ ಅವಲಂಬನೆ ಕಡಿಮೆಯಾಗುತ್ತದೆ. ಭಾರತದಲ್ಲಿ ತಲಾ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆಯಿದೆ. ಹಾಗಿದ್ದರೂ ಪರಿಣಾಮ ಬೀಳುವುದು ಎಲ್ಲರ ಮೇಲೆ, ಅದರಲ್ಲಿಯೂ ಮಳೆಯನ್ನೇ ನಂಬಿದ ಬೇಸಾಯದ ಮೇಲೆ. ಹೆಚ್ಚು ಹೊರಸೂಸಿದ ದೇಶಗಳ ಹೊಣೆ ದೊಡ್ಡದೆಂಬ ನ್ಯಾಯದ ಮಾತೂ, ಇಲ್ಲಿಯೂ ಸಿದ್ಧತೆ ಬೇಕೆಂಬ ವಿವೇಕದ ಮಾತೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ.

ಕೊನೆಯದಾಗಿ ಶಾಲೆಗಳ ಕೆಲಸದ ಬಗ್ಗೆ ಕೆಲವು ಮಾತು. 1988ರಲ್ಲಿ ಬರ ನಿರ್ವಹಣೆಗಾಗಿ ಒಂದು ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿ ಮಳೆಯ ಮಾಹಿತಿಯನ್ನು ಸಂಗ್ರಹಿಸುತ್ತಿದೆ. ಶಾಲೆಯೊಂದು ತನ್ನ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಟ್ಟರೆ, ಪಂಚಾಯಿತಿಯ ಅಂಕಿಯೊಂದಿಗೂ ಉಪಗ್ರಹದ ಅಂದಾಜಿನೊಂದಿಗೂ ಅದನ್ನು ಹೋಲಿಸಿ ನೋಡಬಹುದು. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಎಂಬ ಲೆಕ್ಕ ಹಿಡಿದರೆ, ಒಂದು ಎಕರೆ ತೋಟಕ್ಕೆ ಅದು ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಎಂಬುದನ್ನು ಏಳನೆಯ ತರಗತಿಯ ಮಗುವೂ ಕಂಡುಕೊಳ್ಳುತ್ತದೆ. ಇದರ ಜೊತೆಗೆ ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನ, ಊರ ಕೆರೆಯ ನೀರಿನ ಮಟ್ಟ, ಶಂಕುವಿನ ನಡುಹಗಲಿನ ನೆರಳು, ಮಾವು ಹೂಬಿಟ್ಟ ದಿನ ಇವುಗಳನ್ನು ಬರೆದಿಡಲು ಒಂದು ದಪ್ಪ ಪುಸ್ತಕ ಸಾಕು. ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ವಿದ್ಯಾರ್ಥಿಗಳು ತೇರ್ಗಡೆಯಾಗಿ ಹೋಗುತ್ತಾರೆ. ಆದ್ದರಿಂದ ಈ ಪುಸ್ತಕ ಯಾರೊಬ್ಬರ ಹವ್ಯಾಸವಾಗದೆ, ಹಾಜರಿ ಪುಸ್ತಕದಂತೆ ಶಾಲೆಯ ಕಾಯಂ ದಾಖಲೆಯಾಗಬೇಕು.

ವಾಯುಗುಣವನ್ನು ಹೇಳಲು ಮೂವತ್ತು ವರ್ಷಗಳ ಅಳತೆ ಬೇಕೆಂದು ಮೇಲೆ ಹೇಳಲಾಯಿತು. ಇಂದು ಎಂಟನೆಯ ತರಗತಿಯಲ್ಲಿರುವ ವಿದ್ಯಾರ್ಥಿಗೆ ಆ ಮೂವತ್ತು ವರ್ಷ ತುಂಬುವಾಗ ನಲವತ್ತಮೂರರ ಸುಮಾರಿನ ವಯಸ್ಸಾಗಿರುತ್ತದೆ. ಊರಿನ ಕೆರೆ, ತೋಟ, ಕುಡಿಯುವ ನೀರಿನ ತೀರ್ಮಾನಗಳನ್ನು ಕೈಗೊಳ್ಳುವ ವಯಸ್ಸು ಅದು. ಆ ಹೊತ್ತಿಗೆ ಅವರ ಮುಂದೆ ತಮ್ಮ ಊರಿನದೇ ಅಂಕಿಗಳು ಇರಬೇಕಾದರೆ ಬರವಣಿಗೆ ಈ ವರ್ಷವೇ ಆರಂಭವಾಗಬೇಕು. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ನ ಪ್ರತಿಯೊಂದು ಪ್ರೌಢಶಾಲೆಯೂ ಬರುವ ಮುಂಗಾರಿಗೆ ಮೊದಲು ಒಂದು ಮಳೆಮಾಪಕವನ್ನೂ ಒಂದು ದಾಖಲೆ ಪುಸ್ತಕವನ್ನೂ ಹೊಂದುವಂತೆ ಶಾಲಾಭಿವೃದ್ಧಿ ಸಮಿತಿಗಳು, ಆಡಳಿತ ಮಂಡಳಿಗಳು ಮತ್ತು ಇಲ್ಲಿ ಸೇರಿರುವ ಹಿರಿಯರು ಮುಂದಾಗಬೇಕೆಂದು ವಿನಂತಿಸುತ್ತ ಈ ಉಪನ್ಯಾಸವನ್ನು ಮುಗಿಸಲಾಗುತ್ತಿದೆ.